ಐನೂರ ಮೂರನೆಯ ಸ್ಥಾನ

ಪಿರಿಯಾಪಟ್ಟಣ
6 ಜುಲೈ 2025

ಪ್ರೀತಿಯ ರೂಪಶ್ರೀ,

ಚೆನ್ನಾಗಿದ್ದೀಯಾ? ಹತ್ತು ದಿನದಿಂದ ನಿನ್ನ ಫೋನ್ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆಂಬ ಭಯ. ಹೊಗೆಸೊಪ್ಪಿನ ಸಸಿ ನೆಟ್ಟಾಯಿತು. ಈಗ ಬರೆಯಲು ಕೂತಿದ್ದೇನೆ.

ಆಸ್ಟ್ರೇಲಿಯಾದ ಆ ವಿಶ್ವವಿದ್ಯಾಲಯ ಜೂನ್ ಹತ್ತೊಂಬತ್ತಕ್ಕೆ ಬಂದ ಜಗತ್ತಿನ ರ್ಯಾಂಕಿಂಗಿನ ಹೊಸ ಪಟ್ಟಿಯಲ್ಲಿ ನಾನೂರ ತೊಂಬತ್ತೊಂದರಿಂದ ಐನೂರ ಮೂರಕ್ಕೆ ಇಳಿದದ್ದೂ, ಐನೂರರೊಳಗಿದ್ದರೆ ಮಾತ್ರ ಸರ್ಕಾರದ ಸ್ಕಾಲರ್‌ಶಿಪ್ ಎನ್ನುವುದೂ ನಿನ್ನ ಮೆಸೇಜಿನಿಂದ ತಿಳಿಯಿತು. ನಿನಗೆ ಪಾಠ ಹೇಳಿದ ಉಮಾಶಂಕರ ಮೇಷ್ಟ್ರು ಸಂತೆಯಲ್ಲಿ ಸಿಕ್ಕರು. "ಒಂದು ವರ್ಸದಲ್ಲಿ ಅಲ್ಲಿ ಪಾಠ ಕೆಟ್ಟೋಯ್ತಾ ಸಾ?" ಎಂದು ಕೇಳಿಯೇ ಬಿಟ್ಟೆ.

"ಪಾಠ ಯಾರ್ ನೋಡ್ತಾರವ್ವಾ? ಯಾವ್ದು ಒಳ್ಳೇದು ಅಂತ ಬೇರೆ ಕಡೆ ಪ್ರೊಫೆಸರುಗಳನ್ನ ಕೇಳ್ತಾರೆ. ಅದಕ್ಕೇ ಜಾಸ್ತಿ ಮಾರ್ಕ್ಸು. ಅಲ್ಲಿಯೋರು ಬರ್ದಿದ್ದನ್ನ ಎಷ್ಟು ಜನ ಎತ್ತಿ ಹೇಳವ್ರೆ, ಹೊರದೇಶದ ಮಕ್ಳು ಎಷ್ಟವ್ರೆ, ಎಲ್ಲ ಕೂಡಿಸ್ತಾರೆ. ಬೇರೆಯೋರು ಮ್ಯಾಲಕ್ಕೋದ್ರೂ ಇವ್ರು ಕೆಳಗೆ ಬೀಳ್ತಾರೆ."

"ಅಂಗಾದ್ರೆ ಆ ಪಟ್ಟಿ ಯಾಕೆ ಬೇಕು?"

"ಕಾಣದ ಊರಿಗೆ ಹೋಗೋರಿಗೆ ಒಂದು ಗುರ್ತು ಬೇಕಲ್ಲ. ಮೋಸದ ಕಡೆ ಸೇರೋದು ತಪ್ತದೆ. ಆದ್ರೆ ನಿಮ್ ಮಗಳಿಗೆ ಬೇಕಾದ ಮಣ್ಣಿನ ಲ್ಯಾಬು ಹೆಂಗದೆ ಅಂತ ಅದು ಹೇಳಾಕಿಲ್ಲ ಕಣವ್ವ."

ನನಗೆ ಹೊಗೆಸೊಪ್ಪಿನ ಹರಾಜುಕಟ್ಟೆ ನೆನಪಾಯಿತು. ಎಲೆ ಗ್ರೇಡ್ ಮಾಡುವುದರಲ್ಲಿ ಈ ಊರಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಳ್ಳೆಯ ಎಲೆ ಮೇಲಿಟ್ಟು ಮಂಕಾದದ್ದನ್ನು ಮೂಟೆಯ ಒಳಗೆ ಸೇರಿಸುವುದೂ ನನಗೆ ಗೊತ್ತು.

ಗುರುವಾರ ಸ್ಕಾಲರ್‌ಶಿಪ್ ಕಚೇರಿಯಲ್ಲಿ ನಿನ್ನ ಮೇಲ್ಮನವಿಯ ವಿಚಾರಣೆ. ನಟರಾಜು ಮಾವ ಜಾಮೀನು ಪತ್ರಕ್ಕೆ ಸಹಿ ಹಾಕಲು ತಡ ಮಾಡಿದ್ದರಿಂದಲೇ ಅರ್ಜಿ ಹೊಸ ಪಟ್ಟಿ ಬಂದ ಮೇಲೆ ತಲುಪಿತು ಎಂದು ಬರೆದುಕೊಟ್ಟಿದ್ದೀಯ. ನಿನ್ನೆ ಅವನು ಕೆ.ಆರ್. ನಗರದಿಂದ ಬಂದ. "ನಾನೇನ್ ಮಾಡ್ದೆ ಅಕ್ಕಾ? ರೂಪ ನನ್ ತಾವ ಮಾತೇ ಬುಟ್ಟವ್ಳೆ," ಎಂದ. ನಾನು ಕಾಫಿ ಕೊಟ್ಟೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲೇ ಓದಿದರೂ ನಿನ್ನ ಓದು ಕೈಹತ್ತಲಿ.

ನಿನ್ನ ಒಳ್ಳೆಯದನ್ನೇ ಬೇಡುವ ಅಮ್ಮ,
ಪ್ರಮೀಳಾ

ವಿ.ಸೂ.: ಮಾವ ಜೂನ್ ಎರಡಕ್ಕೇ ಸಹಿ ಹಾಕಿ ತಂದುಕೊಟ್ಟಿದ್ದ. ಇಪ್ಪತ್ತು ದಿನ ಅದು ನನ್ನ ಸೀರೆಗಳ ಕೆಳಗಿತ್ತು. ಪಟ್ಟಿಯ ವಿಷಯ ನನಗೆ ಗೊತ್ತಿರಲಿಲ್ಲ. ನೀನು ಹೊರಡುವುದು ಸ್ವಲ್ಪ ಮುಂದಕ್ಕೆ ಹೋಗಲಿ ಎಂದಷ್ಟೇ ಮನಸ್ಸಿನಲ್ಲಿತ್ತು. ತಾರೀಕಿನ ಜಾಗ ಅವನು ಖಾಲಿ ಬಿಟ್ಟಿದ್ದ. ಅಲ್ಲಿರುವ ಜೂನ್ 22 ಎಂಬುದು ನನ್ನ ಕೈಬರಹ. ಗುರುವಾರ ಅದನ್ನು ತೋರಿಸಿ ನನ್ನ ಹೆಸರು ಹೇಳು. ಈ ಕಾಗದವನ್ನು ಮಾವನ ಕೈಯಲ್ಲೇ ಕಳಿಸಿದ್ದೇನೆ, ಒಳಗೇನಿದೆಯೆಂದು ಅವನಿಗೆ ಗೊತ್ತಿಲ್ಲ. ಹಾಸ್ಟೆಲ್ ಗೇಟಿನಲ್ಲಿ ನಿಂತಿರುತ್ತಾನೆ. ಮೊದಲು ಅವನನ್ನು ಮಾತಾಡಿಸು.