ಮಗ್ಗ ನಿಂತ ಅರ್ಧ ಗಂಟೆ

14-9-93, ಮಂಗಳವಾರ

ಟೀವಿಯ ಆ ವಕೀಲರ ಧಾರಾವಾಹಿ ಬರೆದವರು ನಮ್ಮ ಮನೆಯಲ್ಲೇ ಕೂತು ಬರೆದಂತಿದೆ. ಹಬ್ಬಕ್ಕೂ ಕರೆಂಟ್ ಮಗ್ಗ ನಿಲ್ಲಿಸದ ಮಾವ, ಧಾರಾವಾಹಿಯ ಮಾತು ಕೇಳಿಸಲೆಂದು ಆ ಅರ್ಧ ಗಂಟೆ ಮಾತ್ರ ನಿಲ್ಲಿಸುತ್ತಾರೆ. ಗಂಡ ಮಾತೇ ಆಡುವುದಿಲ್ಲವೆಂದು ಹೆಂಡತಿಯೊಬ್ಬಳು ಹಾಕಿದ ಕೇಸು ಇವತ್ತು. ಲಾಯರಮ್ಮ ಗಂಡನಿಗೆ ಕೇಳಿದ್ದು ಒಂದೇ ಪ್ರಶ್ನೆ: ಇವಳಿಗೆ ಯಾವ ಸಾರು ಇಷ್ಟ? ಅವನು ತಡವರಿಸಿದ. ಜಡ್ಜೂ ತಮ್ಮ ಹೆಂಡತಿಯ ಸಾರು ನೆನಪಿಸಿಕೊಳ್ಳಲು ಒದ್ದಾಡಿದರು. ನಕ್ಕು ನಕ್ಕು ನನಗೆ ಕಣ್ಣೀರೇ ಬಂತು. ಮಾವ ನಗಲಿಲ್ಲ.

ಮುಗಿದ ಮೇಲೆ ಮಗ್ಗದ ಸ್ವಿಚ್ಚಿನ ಹತ್ತಿರ ನಿಂತು ಅತ್ತೆಯನ್ನು ಕೇಳಿದರು, "ಲೇ, ನಿಂಗ್ಯಾವ್ ಸಾರು ಇಷ್ಟ?"

"ಮೊದ್ಲು ಮಗ್ಗ ಶುರು ಮಾಡಿ, ನಾಳೆ ಸೀರೆ ಕೊಡ್ಬೇಕು," ಅಂದರು ಅತ್ತೆ.

ಮಾವ ಶುರು ಮಾಡಿದರು. ಆ ಸದ್ದಿನೊಳಗೆ ಅತ್ತೆಯ ತುಟಿ ಅಲ್ಲಾಡಿದ್ದು ಕಂಡಿತು.

ಮಾವ ಮತ್ತೆ ಮಗ್ಗ ನಿಲ್ಲಿಸಿದರು. "ಏನಂದೆ?"