ಜೋಕಾಲಿಯ ಗಂಟಿಗೆ ಇನ್ನೊಂದು ಖಾನೆ

ಗಜೇಂದ್ರಗಡ
ಫೆಬ್ರವರಿ ೩೦, ೨೪೧೯

ಇಪ್ಪತ್ತೊಂದನೆಯ ಶತಮಾನದಲ್ಲಿ ಕುಳಿತು ಭೌತವಿಜ್ಞಾನವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಡುತ್ತಿರುವ ಹಿರಿಯರಿಗೆ, ಚನ್ನಮಲ್ಲಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಮಿಕ್ಕ ದಿನಗಳನ್ನು ಹಬ್ಬಕ್ಕೆ ಬಿಟ್ಟುಕೊಂಡಿದ್ದೇವೆ. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಶುರುಮಾಡಿದ ಆ ಜೋಡಣೆಯನ್ನು ನಾವು ನಂಟುಪಟ ಎನ್ನುತ್ತೇವೆ. ಅದರಲ್ಲಿ ಒಂದೊಂದು ನಿಯಮವೂ ಒಂದೊಂದು ಗಂಟು. ಪ್ರತಿ ಗಂಟಿಗೂ ಸೂತ್ರ, ಅಳತೆ, ನಂಟು ಎಂಬ ಮೂರು ಖಾನೆ. ಅನ್ನದ ಮುಚ್ಚಳ ಯಾಕೆ ಕುಣಿಯುತ್ತದೆಂದು ಅಡುಗೆಮನೆಯ ಗೋಡೆಯನ್ನು ಕೇಳಿದರೆ ಸಾಕು, ಪಟ ತೆರೆದುಕೊಂಡು ಆವಿಯಿಂದ ಒತ್ತಡಕ್ಕೆ, ಒತ್ತಡದಿಂದ ಶಾಖಕ್ಕೆ ಬೆರಳು ಹಿಡಿದು ನಡೆಸುತ್ತದೆ. ನನ್ನ ಅವ್ವ ಹೀಗೇ ಒಲೆಯ ಮುಂದಿನಿಂದ ಹೊರಟು ಗ್ರಹಣದವರೆಗೆ ಹೋಗಿಬಂದಿದ್ದಳು. ಅಷ್ಟರಲ್ಲಿ ಅನ್ನ ಸೀದಿತ್ತು. ನಿಮ್ಮ ಉಪಕಾರ ಸಣ್ಣದಲ್ಲ.

ಪ್ರತಿ ಮನೆಗೂ ಒಂದು ಗಂಟು ಪಾಲಿಗೆ ಬರುತ್ತದೆ. ಮನೆಯ ಮಗು ಬೆಳೆದ ಮೇಲೆ ಅದನ್ನು ಊರೆದುರು ಕೈಯಾರೆ ಮಾಡಿ ತೋರಿಸಬೇಕು. ತೋರಿಸಲಾಗದವರಿಗೆ ಮುಂದಿನ ಓದಿಲ್ಲ. ನಮ್ಮ ಪಾಲಿಗೆ ಬಂದದ್ದು ಜೋಕಾಲಿಯ ಗಂಟು: ಹಗ್ಗದ ಉದ್ದ ಒಂದೇ ಆದರೆ, ಎಷ್ಟು ಎತ್ತರದಿಂದ ಬಿಟ್ಟರೂ ಜೋಕಾಲಿ ಹೋಗಿಬರಲು ಹಿಡಿಯುವ ಹೊತ್ತು ಒಂದೇ. ನಾವೆಲ್ಲ ತಲೆತಲಾಂತರದಿಂದ ಎರಡು ಜೋಕಾಲಿಗಳನ್ನು ಮೆಲ್ಲಗೆ ತೂಗಿ, ಭೇಷ್ ಅನ್ನಿಸಿಕೊಂಡು ಮನೆಗೆ ಬಂದವರು. ನನ್ನ ಮಗಳು ಹಾಲವ್ವ ಹಾಗಲ್ಲ. ಇಂದು ಬೆಳಿಗ್ಗೆ ಹುಣಸೆಮರಕ್ಕೆ ಕಟ್ಟಿದ ಎರಡರಲ್ಲಿ ಒಂದನ್ನು ಮೆಲ್ಲಗೆ ಬಿಟ್ಟಳು, ಇನ್ನೊಂದನ್ನು ಹೆಚ್ಚುಕಡಿಮೆ ಕೊಂಬೆಯ ಮಟ್ಟಕ್ಕೆ ಎತ್ತಿ ಬಿಟ್ಟಳು. ಎತ್ತರದ್ದು ಹೋಗಿಬರಲು ಹೆಚ್ಚು ಹೊತ್ತು ಹಿಡಿದು ಹಿಂದೆ ಬಿತ್ತು. ಊರೆಲ್ಲ ನೋಡಿತು. ಸಭೆಯ ಹಿರಿಯರಾದ ಸಂಗನಬಸಪ್ಪನವರು ಮಾತ್ರ ಮರದ ಕಡೆ ನೋಡದೆ, ಎದುರಿಗೆ ತೆರೆದಿಟ್ಟಿದ್ದ ಪಟದ ಕಡೆ ನೋಡಿ, "ಪಟ ಸುಳ್ಳ ಹೇಳತೈತೇನವಾ? ಹಗ್ಗಾ ನೀ ಸರಿ ಕಟ್ಟಿಲ್ಲ" ಎಂದರು. ನಾಳೆ ಅವಳು ಸಭೆಯಲ್ಲಿ ತನ್ನ ಕೈ ತಪ್ಪಿತೆಂದು ಒಪ್ಪಿಕೊಂಡು ಮತ್ತೆ ಮಾಡಿ ತೋರಿಸಬೇಕು, ಇಲ್ಲವೇ ಓದು ಬಿಡಬೇಕು. ಹಾಲವ್ವ ನನ್ನ ಕಡೆ ತಿರುಗಿ, "ಅಪ್ಪಾ, ನೀನೂ ನೋಡಿದಿ ಹೌದಲ್ಲೋ?" ಎಂದಳು. ನಾನು ಚಪ್ಪಲಿ ಹುಡುಕುವವನ ಹಾಗೆ ನೆಲ ನೋಡಿದೆ.

ಮಧ್ಯಾಹ್ನ ಪಟದ ತಳಕ್ಕಿಳಿದು, ನೀವು ಜೋಡಿಸಿದ ಮೊದಲ ಪದರವನ್ನು ತೆರೆದು ನೋಡಿದೆ. ಅಲ್ಲೂ ಅವೇ ಮೂರು ಖಾನೆ. ಈ ನಿಯಮ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿಂದಾಚೆ ನಡೆಯುವುದಿಲ್ಲ ಎಂದು ಬರೆಯಲು ಜಾಗವೇ ಇಲ್ಲ. ಸಣ್ಣ ತೂಗಾಟಕ್ಕಷ್ಟೇ ಇದು ಸರಿ ಎಂಬುದು ನಿಮಗೆ ಗೊತ್ತೇ ಇತ್ತೇನೋ. ಎಲ್ಲರಿಗೂ ಗೊತ್ತಿರುವುದನ್ನು ಏನು ಬರೆಯುವುದು ಎಂದುಕೊಂಡಿರೇನೋ. ನಿಮ್ಮನ್ನು ದೂರಲು ನನಗೆ ಬಾಯಿಲ್ಲ. ಇಷ್ಟು ತಲೆಮಾರು ಕಳೆದರೂ ಆ ಖಾನೆಯನ್ನು ನಾವೂ ಸೇರಿಸಲಿಲ್ಲ. ಪಟದೊಳಗೆ ಒಂದು ಗಂಟು ಇನ್ನೊಂದಕ್ಕೆ ಸರಿಹೊಂದಿದರೆ ನಮಗೆ ಅಷ್ಟೇ ಸಾಕಾಗಿತ್ತು.

ದಯವಿಟ್ಟು ನಾಲ್ಕನೆಯ ಖಾನೆಯೊಂದನ್ನು ಇಡಿ. ಇದನ್ನು ನಾಳೆ ನೀನೇ ಎದ್ದು ಹೇಳಬಹುದಲ್ಲ ಎಂದು ಕೇಳುತ್ತೀರಿ. ಹೇಳಬಹುದು. ಕೂಗಳತೆಯಲ್ಲಿರುವ ಸಂಗನಬಸಪ್ಪನವರಿಗೆ ಹೇಳುವ ಧೈರ್ಯವಿಲ್ಲದೆ, ನಾನೂರು ವರ್ಷದ ಹಿಂದಿನವರಿಗೆ ಬರೆಯುತ್ತಿದ್ದೇನೆ. ಹೊರಗೆ ಹಾಲವ್ವ ಇನ್ನೂ ಹಗ್ಗ ಅಳೆಯುತ್ತಿದ್ದಾಳೆ; ತಪ್ಪು ತನ್ನದೇ ಇರಬಹುದೆಂದು ಅವಳಿಗೂ ಅನುಮಾನ ಹತ್ತಿದೆ.

ನೀವು ಆ ಖಾನೆ ಇಟ್ಟರೆ ನಾಳೆ ಬೆಳಿಗ್ಗೆ ಅದು ಪಟದಲ್ಲಿ ಇದ್ದೇ ಇರುತ್ತದೆ. ಇಡದಿದ್ದರೆ ನಾನು ಎದ್ದು ನಿಲ್ಲಬೇಕಾಗುತ್ತದೆ. ನನ್ನನ್ನು ನಂಬಿ ಕೂರಬೇಡಿ.