ಇಬ್ಬರ ಬಳಿ ಮಾತ್ರ ಇದ್ದ ಕೀಲಿ

ಮನೆ, ಮಹಡಿಯ ಕೋಣೆ
ಗುರುವಾರ, ಹದಿಮೂರನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ಅರೆತಲೆನೋವು ಹೇಗಿದೆ? ಹೊರಡುವ ಗಡಿಬಿಡಿಯಲ್ಲಿ ಮಾತ್ರೆಯ ಡಬ್ಬಿಯನ್ನು ಕನ್ನಡಿಯ ಮುಂದೆಯೇ ಬಿಟ್ಟು ಹೋಗಿದ್ದೀಯ. ಈ ಪತ್ರದ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಚಿಕ್ಕಮ್ಮನ ಮನೆಯಲ್ಲಿ ನಿದ್ದೆ ಬರುತ್ತಿದೆಯಾ? ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ನೆರೆಮನೆಯವರು ಕೇಳಿದರೆ "ದೊಡ್ಡವಳು ರಜೆ ಮೇಲೆ ಹೋಗಿದ್ದಾಳೆ" ಎನ್ನುತ್ತಾಳೆ. ಒಳಗೆ ಬಂದು, "ಹತ್ತು ವರ್ಷ ದುಡಿದವಳನ್ನ ಹೀಗೆ ಮನೆಗೆ ಕಳಿಸ್ತಾರೇನೇ?" ಎಂದು ನನ್ನನ್ನು ಕೇಳುತ್ತಾಳೆ. ಬಾಯಿ ತೆರೆದರೆ ಮುಚ್ಚುವುದಿಲ್ಲವೆಂದು ನೀನೇ ನನಗೆ 'ಮೈಕು' ಎಂದು ಹೆಸರಿಟ್ಟೆ. ಆ ಮೈಕು ಈಗ ಅಮ್ಮನ ಮುಂದೆ ತಟ್ಟೆ ನೋಡಿಕೊಂಡು ಊಟ ಮಾಡುತ್ತದೆ.

ಆಸ್ಪತ್ರೆಯ ಮಕ್ಕಳ ವಾರ್ಡಿನ ಕಂಪ್ಯೂಟರುಗಳಿಗೆ ನೀನು ಬರೆದ ಪ್ಯಾಕೇಜು ಹಾಕುವುದು ನನ್ನ ಕೆಲಸ. ಮಗುವಿನ ತೂಕ ಕೊಟ್ಟರೆ ಔಷಧಿಯ ಪ್ರಮಾಣ ಹೇಳುವ ಆ ಲೆಕ್ಕವನ್ನು ನೀನು ಖಾಸಗಿ ಕೋಡ್ ಭಂಡಾರದಲ್ಲಿ ಬೀಗ ಹಾಕಿ ಇಟ್ಟಿದ್ದೆ. ಕೀಲಿ ನಮ್ಮಿಬ್ಬರ ಬಳಿ ಮಾತ್ರ. ಒಂದೊಂದು ಯಂತ್ರದ ಮುಂದೆಯೂ ಕೂತು ಅಕ್ಷರ, ಅಂಕಿಗಳ ಆ ಮಾರುದ್ದದ ಕೀಲಿಯನ್ನು ತುಂಬುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಜ್ಞಾನಕ್ಕೆ ಬೀಗ ಹಾಕುವವರು ಜನರನ್ನು ನಂಬದವರು ಎಂದು ನಾನು ಬೀದಿಯಲ್ಲಿ ಹಂಚುತ್ತಿದ್ದ ಕರಪತ್ರಗಳಲ್ಲಿತ್ತು. ನಿನಗೆ ಓದಿ ಹೇಳಿದಾಗ, "ನಿನ್ನ ಕರಪತ್ರಕ್ಕೆ ಯಾವತ್ತಾದ್ರೂ ಜ್ವರ ಬಂದಿದೆಯೇನೇ?" ಎಂದು ನಕ್ಕಿದ್ದೆ. ಆ ನಗುವನ್ನು ನಾನು ಕ್ಷಮಿಸಿರಲಿಲ್ಲ.

ಅದೇ ಭಂಡಾರದಲ್ಲಿದ್ದ, ಯಾವ ಪ್ಯಾಕೇಜು ಇಳಿಸಬೇಕೆಂಬ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ನೀನು 4.2 ಎಂದು ಬರೆದಿದ್ದೆ. ಅಂದರೆ ಅದೇ ಆವೃತ್ತಿ ಬರಬೇಕು, ಬೇರೆ ಬರಬಾರದು. ಭಂಡಾರದಲ್ಲಿ 5.0 ಕೂಡ ಇರುವುದನ್ನು ನೋಡಿದೆ. ಹೊಸದು ಇರುವಾಗ ಹಳೆಯದಕ್ಕೆ ಜೋತುಬೀಳುವುದೇ ನಮ್ಮ ಆಸ್ಪತ್ರೆಯ ರೋಗ ಎಂದುಕೊಂಡು ಆ ಸಂಖ್ಯೆಯನ್ನು ಅಳಿಸಿದೆ. ಬದಲಾವಣೆಯ ಟಿಪ್ಪಣಿಯಲ್ಲಿ 'ಹಳೆಯದರ ಸಂಕೋಲೆ ಕಳಚಿದೆ' ಎಂದು ಬರೆದೆ. ಈಗ ಓದಿದರೆ ಕಿವಿ ಬಿಸಿಯಾಗುತ್ತದೆ. 5.0 ನೀನು ಪ್ರಯೋಗಕ್ಕೆ ಇಟ್ಟ, ಇನ್ನೂ ಮುಗಿಯದ ಕೆಲಸ ಎಂದು ಕೇಳಿ ತಿಳಿಯುವಷ್ಟು ತಾಳ್ಮೆಯೂ ನನಗಿರಲಿಲ್ಲ. ಸೋಮವಾರ, ಮೂರನೇ ತಾರೀಖು, ವಾರ್ಡಿನ ಹೊಸ ಯಂತ್ರಕ್ಕೆ ಅದೇ ಇಳಿಯಿತು. ಹಿರಿಯ ಸಿಸ್ಟರ್ ಪರದೆ ನೋಡಿ, "ಇದೇನು ಮಗುವಿಗಾ, ಎಮ್ಮೆಗಾ?" ಎಂದು ಕೇಳದೆ ಹೋಗಿದ್ದರೆ, ಆರು ಕಿಲೋ ತೂಕದ ಆ ಹಸುಗೂಸಿಗೆ ಹತ್ತು ಪಟ್ಟು ಔಷಧಿ ಹೋಗುತ್ತಿತ್ತು. ಆ ಮಗುವಿನ ಹಾಸಿಗೆಯ ಪಕ್ಕ ನಾನು ನಿಂತಿದ್ದೆ ಅಕ್ಕಾ. ಅದು ತನ್ನ ಕಾಲ್ಬೆರಳನ್ನು ಹಿಡಿಯಲು ನೋಡುತ್ತಿತ್ತು.

ಅಂದು ಸಂಜೆ ಐದರ ಸಭೆಯಲ್ಲಿ ದೊಡ್ಡ ಡಾಕ್ಟರು "ಯಾರ ಕೋಡ್ ಇದು?" ಎಂದರು. "ಬರೆದವಳು ನಾನು, ತಪ್ಪು ನನ್ನದು" ಎಂದೆ ನೀನು. ನಾನು ಗೋಡೆಗೊರಗಿ ನಿಂತಿದ್ದೆ. ಸತ್ಯ ಹೇಳುವವರು ಬೇಕೆಂದು ಬೀದಿಯಲ್ಲಿ ಕಾಗದ ಹಂಚಿದವಳ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನಿನಗೆ ಗೊತ್ತಿಲ್ಲ, ಗೊತ್ತಾದರೆ ನೀನೇ ಬಯ್ಯುತ್ತೀಯ ಎಂದು ಸಮಾಧಾನ ಮಾಡಿಕೊಂಡೆ. ಹೆದರಿ ಆ ಪಟ್ಟಿಯನ್ನು ಮತ್ತೆ ತೆರೆಯಲೂ ಇಲ್ಲ.

ಮೊನ್ನೆ ಸೋಮವಾರ ಅದೇ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ಹಾಕಲು ಹೇಳಿದರು. ಕೀಲಿ ಕೊಟ್ಟೆ. ಇಳಿದದ್ದು 4.2! ಯಾರು ಯಾವಾಗ ಏನು ಬದಲಿಸಿದರೆಂದು ಹೇಳುವ ಪಟ್ಟಿಯ ಚರಿತ್ರೆ ತೆಗೆದು ನೋಡಿದೆ. ನನ್ನ ಸಂಕೋಲೆಯ ಸಾಲಿನ ಮೇಲೆ ನಿನ್ನ ಸಾಲು: 'ಸಂಖ್ಯೆ ಮತ್ತೆ ಸೇರಿಸಿದೆ.' ಅಷ್ಟೇ. ಬರೆದ ಹೊತ್ತು ಮೂರನೇ ತಾರೀಖಿನ ಮಧ್ಯಾಹ್ನ ಮೂರೂ ನಲವತ್ತು. ಸಭೆಗಿಂತ ಮೊದಲೇ ನಿನಗೆ ಎಲ್ಲ ಗೊತ್ತಿತ್ತು. ಎದುರಿಗೇ ನಿಂತಿದ್ದ ನನ್ನ ಕಡೆ ಒಮ್ಮೆ ತಿರುಗಿಯೂ ನೋಡದೆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡೆ. ಆ ಚರಿತ್ರೆಯನ್ನು ಓದಬಲ್ಲವರು ನಾವಿಬ್ಬರೇ. ಬೀಗದ ವಿರುದ್ಧ ಅಷ್ಟು ಮಾತಾಡಿದವಳನ್ನು ಇಷ್ಟು ದಿನ ಕಾಪಾಡಿದ್ದು ಅದೇ ಬೀಗ.

ಕರಪತ್ರಗಳನ್ನು ಸುಟ್ಟಿಲ್ಲ. ಅವುಗಳಲ್ಲಿರುವುದು ಸುಳ್ಳಲ್ಲ; ಅದನ್ನು ಹೇಳುವ ಯೋಗ್ಯತೆ ಇನ್ನು ನಾನು ಸಂಪಾದಿಸಬೇಕು. ಚಿಕ್ಕಮ್ಮನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೋ.

ನಿನ್ನ ತಂಗಿ,
ಮೈಕು

ಮರೆತಿದ್ದೆ, ಈ ಪತ್ರ ಒಯ್ಯುವ ಔಷಧಿ ವ್ಯಾನಿನ ಡ್ರೈವರಣ್ಣ ಕೆಳಗೆ ಹಾರನ್ ಹೊಡೆಯುತ್ತಿದ್ದಾರೆ: ನನ್ನನ್ನು ತಡೆಯಬೇಕೆಂದು ಓಡಿ ಬರಬೇಡ, ನಿನ್ನೆಯೇ ದೊಡ್ಡ ಡಾಕ್ಟರ ಮುಂದೆ ಭಂಡಾರ ತೆರೆದು ಎರಡೂ ಸಾಲು ತೋರಿಸಿದ್ದೇನೆ. "ತಪ್ಪು ಮಾಡಿದ್ದಕ್ಕಲ್ಲಮ್ಮ, ಒಂಬತ್ತು ದಿನ ಸುಮ್ಮನಿದ್ದೆಯಲ್ಲ, ಅದಕ್ಕೆ ನಿನ್ನ ಮನೆಗೆ ಕಳಿಸ್ತಿದ್ದೀನಿ" ಎಂದರು. ಸರಿಯಾಗಿಯೇ ಹೇಳಿದರು. ನನ್ನ ಕೀಲಿಯನ್ನು ಅವರೆದುರೇ ರದ್ದು ಮಾಡಿದೆ. ನಿನ್ನನ್ನು ಶನಿವಾರ ಕೆಲಸಕ್ಕೆ ಬರಹೇಳಿದ್ದಾರೆ. ಪಕ್ಕದ ವಾರ್ಡಿಗೆ ಎರಡು ಯಂತ್ರ ಬಂದಿವೆ, ಖಾಲಿ ಕೂತಿವೆ. ಸಿಸ್ಟರ್ ಪ್ರತಿ ಮಗುವಿಗೂ ಕಾಗದದ ಮೇಲೆ ಎರಡೆರಡು ಸಲ ಲೆಕ್ಕ ಮಾಡುತ್ತಿದ್ದಾರೆ. ಕೀಲಿ ಈಗ ನಿನ್ನೊಬ್ಬಳ ಬಳಿ ಇದೆ. ಬಾ.